ಚೀನೀ ಚಹಾಕ್ಕೆ ಯಾವ ಪಾತ್ರೆ: ಪಿಂಗಾಣಿಯೋ, ಮಣ್ಣೋ?

ಮೀನಿನ ಸಾರು ಕಾಯಿಸಿದ ಮಣ್ಣಿನ ಗಡಿಗೆಯಲ್ಲಿ ಪಾಯಸ ಮಾಡುವುದಿಲ್ಲ. ಎಷ್ಟು ತಿಕ್ಕಿ ತೊಳೆದರೂ ಮಣ್ಣು ಹಿಂದಿನ ಅಡುಗೆಯನ್ನು ಬಿಟ್ಟುಕೊಡುವುದಿಲ್ಲವೆಂಬುದು ಕರಾವಳಿಯ ಅಡುಗೆಮನೆಗಳಿಗೆ ಗೊತ್ತು. ಅದೇ ಮನೆಯ ಉಪ್ಪಿನಕಾಯಿ ಭರಣಿಯನ್ನು ತೊಳೆದು ಬಿಸಿಲಿಗಿಟ್ಟರೆ ಮುಂದಿನ ಸಲ ಮಾವಿನ ಬದಲು ನಿಂಬೆ ತುಂಬಬಹುದು. ಗಡಿಗೆಯ ಒಳಮೈ ಬರಿಯ ಮಣ್ಣು. ಭರಣಿಯ ಒಳಮೈಗೆ ಗಾಜಿನಂಥ ಹೊಳಪಿನ ಲೇಪವಿದೆ. ಚೀನೀ ಚಹಾದ ಪಾತ್ರೆಗಳ ಬಗ್ಗೆ ನಡೆಯುವ ವಾದಗಳಲ್ಲಿ ಅರ್ಧದಷ್ಟು ಇಲ್ಲಿಗೇ ಮುಗಿಯುತ್ತವೆ. ಉಳಿದರ್ಧ ಬಿಸಿಗೆ ಮತ್ತು ಬಸಿಯುವ ವೇಗಕ್ಕೆ ಸೇರಿದ್ದು.

ಈ ಉಳಿದರ್ಧವನ್ನೇ ಜನ ಮರೆಯುವುದು. ಮೂತಿ, ಮುಚ್ಚಳವಿರುವ ಪುಟ್ಟ ಟೀಪಾಟ್‌ಗೆ ಇಲ್ಲಿ ಕುಡಿಕೆ ಎನ್ನೋಣ. ‘ಮಣ್ಣಿನ ಕುಡಿಕೆಯಲ್ಲಿ ಚಹಾ ಮೃದುವಾಯಿತು’ ಎನ್ನುವವರು ಬಹಳ ಸಲ ಹೋಲಿಸಿರುವುದು ಮಣ್ಣನ್ನೂ ಪಿಂಗಾಣಿಯನ್ನೂ ಅಲ್ಲ. 100 ಮಿಲಿ ಪಾತ್ರೆಯನ್ನು 150 ಮಿಲಿ ಪಾತ್ರೆಯ ಜೊತೆ, 5 ಸೆಕೆಂಡಿನಲ್ಲಿ ಬಸಿಯುವುದನ್ನು 20 ಸೆಕೆಂಡಿನಲ್ಲಿ ಬಸಿಯುವುದರ ಜೊತೆ. ಗಾತ್ರ, ಬಿಸಿ, ಸಮಯ ಮೂರನ್ನೂ ಸರಿಗಟ್ಟಿದ ಮೇಲೆ ಉಳಿಯುವ ವ್ಯತ್ಯಾಸವೇ ಮಣ್ಣಿನದು. ಅದು ಸಣ್ಣದು, ಆದರೆ ಕೆಲವು ಚಹಾಗಳಲ್ಲಿ ನಾಲಿಗೆಗೆ ಚೆನ್ನಾಗಿಯೇ ಸಿಗುತ್ತದೆ.

ಯಾವುದು ಯಾವ ಮಣ್ಣು

ಪಿಂಗಾಣಿಯ ತವರು ಜಿಯಾಂಗ್‌ಶಿ ಪ್ರಾಂತ್ಯದ ಜಿಂಗ್‌ದೆಝೆನ್. ಪಿಂಗಾಣಿಗೆ ಬಳಸುವ ಬಿಳಿ ಜೇಡಿಮಣ್ಣಿಗೆ ‘ಕಾವೊಲಿನ್’ ಎಂಬ ಹೆಸರು ಬಂದಿರುವುದು ಆ ಊರಿನ ಬಳಿಯ ಗಾವೊಲಿಂಗ್ ಎಂಬ ಹಳ್ಳಿಯಿಂದ. ಫುಜಿಯಾನ್ ಪ್ರಾಂತ್ಯದ ದೆಹುವಾ ಇನ್ನೊಂದು ಕೇಂದ್ರ. ಹಾಲುಬಿಳುಪಿನ ಪಿಂಗಾಣಿಗೆ ಹೆಸರಾದದ್ದು. ಸುಮಾರು 1300 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಟ್ಟ ಪಿಂಗಾಣಿ ಒಳಗೆಲ್ಲ ಗಾಜಿನ ಹಾಗೆ ಬೆಸೆದುಕೊಂಡಿರುತ್ತದೆ. ನೀರು ಹೀರುವ ಪ್ರಮಾಣ ಅದರ ತೂಕದ ಶೇ. 0.5ಕ್ಕಿಂತ ಕಡಿಮೆ. ಮೇಲೆ ಲೇಪ ಬೇರೆ. ಹಾಗಾಗಿ ಅದು ಚಹಾದಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ, ಏನನ್ನೂ ಕೊಡುವುದಿಲ್ಲ.

ಮಣ್ಣಿನ ಕುಡಿಕೆಗಳಲ್ಲಿ ಹೆಸರಾದದ್ದು ಜಿಯಾಂಗ್‌ಸು ಪ್ರಾಂತ್ಯದ ಯಿಶಿಂಗ್. ಅಲ್ಲಿಯ ಮಣ್ಣಿಗೆ ‘ಝಿಶಾ’, ಅಂದರೆ ನೇರಳೆ ಮರಳು, ಎಂದು ಹೆಸರು. ನಿಜಕ್ಕೂ ಅದು ಅಗೆಯುವಾಗ ಕಲ್ಲಿನಂತಿರುವ ಅದಿರು; ಪುಡಿಮಾಡಿ, ನೆನೆಸಿ, ಹದಕ್ಕೆ ತರುತ್ತಾರೆ. ನಮ್ಮ ಕುಂಬಾರರ ಹಾಗೆ ತಿಗರಿಯ ಮೇಲೆ ಎತ್ತುವುದಿಲ್ಲ. ಮಣ್ಣನ್ನು ಹಲಗೆಯ ಮೇಲೆ ಬಡಿದು ಹಾಳೆ ಮಾಡಿ, ಸುತ್ತಿ, ಜೋಡಿಸಿ ಕುಡಿಕೆ ಕಟ್ಟುತ್ತಾರೆ. ಸುಡುವುದು ಸುಮಾರು 1100ರಿಂದ 1200 ಡಿಗ್ರಿಯಲ್ಲಿ. ಒಳಗೂ ಹೊರಗೂ ಲೇಪವಿರುವುದಿಲ್ಲ.

ಯಿಶಿಂಗ್ ಮಣ್ಣಿನಲ್ಲೇ ಬಗೆಗಳಿವೆ. ಝಿನಿ ನೇರಳೆ-ಕಂದು, ಹೊಂಗ್ನಿ ಕೆಂಪು, ದುವಾನ್ನಿ ಹಳದಿ ಛಾಯೆಯದು. ಜೂನಿ ಎಂಬ ಕೆಂಪು ಮಣ್ಣು ಸುಡುವಾಗ ಉಳಿದವಕ್ಕಿಂತ ಹೆಚ್ಚು ಕುಗ್ಗಿ ಬಿಗಿಯಾಗುತ್ತದೆ, ಬಡಿದರೆ ಲೋಹದ ಹಾಗೆ ‘ಟಿಣ್’ ಎನ್ನುತ್ತದೆ. ಗುಣದಲ್ಲಿ ಪಿಂಗಾಣಿಗೆ ಹತ್ತಿರ. ದುವಾನ್ನಿ ಇದಕ್ಕೆ ವಿರುದ್ಧ, ಸಡಿಲ ಮೈ. ಸಾಕಷ್ಟು ಸುಡದಿದ್ದರೆ ಬಳಸುತ್ತ ಹೋದ ಹಾಗೆ ಮೈಮೇಲೆ ಕಪ್ಪು ಕಲೆಗಳೇಳುತ್ತವೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಚಾವೊಝೌನಲ್ಲಿ ಕೆಂಪು ಮಣ್ಣಿನ ತೆಳು ಕುಡಿಕೆಗಳನ್ನು ತಿಗರಿಯ ಮೇಲೇ ಎತ್ತುತ್ತಾರೆ. ಯುನ್ನಾನಿನ ಜಿಯಾನ್‌ಶುಯಿ, ಗುವಾಂಗ್‌ಶಿಯ ಚಿನ್‌ಝೌ ಕೂಡ ಲೇಪವಿಲ್ಲದ ಕುಡಿಕೆಗಳಿಗೆ ಹೆಸರಾದ ಊರುಗಳು.

ನಮ್ಮ ಸಂತೆಯ ಮಣ್ಣಿನ ಲೋಟ, ಕುಡಿಕೆಗಳನ್ನು ಈ ಸಾಲಿಗೆ ಸೇರಿಸಬೇಡಿ. ಅವನ್ನು ಸುಡುವ ಶಾಖ ಬಹಳ ಕಡಿಮೆ, ರಂಧ್ರಗಳು ಬಹಳ ಹೆಚ್ಚು. ಹೂಜಿಯ ನೀರು ತಣ್ಣಗಿರುವುದೇ ಮೈಯಿಂದ ನೀರು ಜಿನುಗಿ ಆರುವುದರಿಂದ. ಆ ಗುಣ ಬೇಸಗೆಯ ನೀರಿಗೆ ವರ, ಬಿಸಿ ಚಹಾಕ್ಕೆ ಶಾಪ. ಹಸಿ ಮಣ್ಣಿನ ವಾಸನೆ ಹಾಲು-ಸಕ್ಕರೆಯ ಟೀಯಲ್ಲಿ ಹಿತವಾಗಬಹುದು, ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆಯಾದ ಊಲಾಂಗ್‌ನ ಹೂವಿನ ಘಮವನ್ನಂತೂ ಮುಚ್ಚಿಹಾಕುತ್ತದೆ.

ಇನ್ನೊಂದು ಮಾತು. ‘ಬೋನ್ ಚೈನಾ’ ಎಂದು ಬರೆದಿರುವುದರಲ್ಲಿ ಪ್ರಾಣಿಗಳ ಮೂಳೆಯ ಬೂದಿ ಸೇರಿರುತ್ತದೆ. ಅದು ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲಿ ರೂಪುಗೊಂಡ ಬಗೆ. ಜಿಂಗ್‌ದೆಝೆನ್, ದೆಹುವಾಗಳ ಸಾಂಪ್ರದಾಯಿಕ ಪಿಂಗಾಣಿ ಮಣ್ಣು-ಕಲ್ಲಿನದೇ. ಮನೆಯಲ್ಲಿ ಮೂಳೆಯ ಅಂಶ ಬೇಡವೆನ್ನುವವರಿದ್ದರೆ ಅಂಗಡಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಬಿಸಿಯ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ‘100 ಡಿಗ್ರಿ ನೀರು ಹಾಕಿ’ ಎಂದು ಚಹಾದ ಪೊಟ್ಟಣದ ಮೇಲೆ ಬರೆದಿದ್ದರೆ ಅದು ಇಲ್ಲಿ ಆಗದ ಮಾತು. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿಯಷ್ಟು ಕಡಿಮೆ. ಮಂಗಳೂರಿಗೆ ಈ ತೊಂದರೆಯಿಲ್ಲ.

ಈಗ 180 ಗ್ರಾಂ ತೂಕದ ಮಣ್ಣಿನ ಕುಡಿಕೆಯೊಂದನ್ನು ತೆಗೆದುಕೊಳ್ಳಿ. ಕೋಣೆಯ 25 ಡಿಗ್ರಿಯಲ್ಲಿ ತಣ್ಣಗಿದೆ. ಅದಕ್ಕೆ 97 ಡಿಗ್ರಿಯ 120 ಮಿಲಿ ನೀರು ಹಾಕಿದರೆ ಕುಡಿಕೆಯೂ ನೀರೂ ಒಂದೇ ಬಿಸಿಗೆ ಬರುವ ಹೊತ್ತಿಗೆ ಲೆಕ್ಕದ ಪ್ರಕಾರ ಉಳಿಯುವುದು ಸುಮಾರು 80 ಡಿಗ್ರಿ. 90 ಗ್ರಾಂ ತೂಕದ ತೆಳು ಪಿಂಗಾಣಿಯಲ್ಲಾದರೆ 87-88. ಕುದಿನೀರನ್ನೇ ಬೇಡುವ, ಯುನ್ನಾನಿನ ಪು-ಅರ್ ಚಹಾವನ್ನು 80 ಡಿಗ್ರಿಯಲ್ಲಿ ಬಿಟ್ಟರೆ ‘ಮೃದು’ ಆಗದೆ ಇನ್ನೇನಾಗುತ್ತದೆ! ಅದು ಮಣ್ಣಿನ ಮಹಿಮೆಯಲ್ಲ, ಅರೆಬಿಸಿಯ ಫಲ.

ಎರಡನ್ನೂ ಮೊದಲೇ 80 ಡಿಗ್ರಿಗೆ ಬಿಸಿಮಾಡಿಕೊಂಡು ಅದೇ ನೀರು ಹಾಕಿದರೆ ಕುಡಿಕೆಯಲ್ಲಿ 93, ಪಿಂಗಾಣಿಯಲ್ಲಿ ಸುಮಾರು 95. ವ್ಯತ್ಯಾಸ ಏಳೆಂಟರಿಂದ ಎರಡಕ್ಕೆ ಇಳಿಯಿತು. ಆದ್ದರಿಂದ ಪಾತ್ರೆ ಬಿಸಿಮಾಡುವುದು ಶಾಸ್ತ್ರಕ್ಕಲ್ಲ. ಕುದಿಯುವ ನೀರನ್ನು ಅಂಚಿನವರೆಗೆ ತುಂಬಿ, ಮುಚ್ಚಳ ಹಾಕಿ, ಮಣ್ಣಿನದಾದರೆ 30ರಿಂದ 40 ಸೆಕೆಂಡ್, ಪಿಂಗಾಣಿಯಾದರೆ 10ರಿಂದ 15 ಸೆಕೆಂಡ್ ಬಿಡಿ. ಹೊರಮೈ ಕೈಗೆ ಸುಡುವಷ್ಟಾಗಬೇಕು. ಆ ನೀರು ಚೆಲ್ಲಿದ ಕೂಡಲೇ ಚಹಾ ಹಾಕಿ, ಕೂಡಲೇ ನೀರು ಹಾಕಿ. ಮಧ್ಯೆ ಫೋನ್ ನೋಡಿದರೆ ಮಾಡಿದ್ದೆಲ್ಲ ದಂಡ.

ಬಿಸಿ ಒಮ್ಮೆ ಹಿಡಿದ ಮೇಲೆ ದಪ್ಪ ಮಣ್ಣು ಅದನ್ನು ಬಿಡುವುದು ನಿಧಾನ. ಇದೇ ಗುಣ ಹಸಿರು ಚಹಾಕ್ಕೆ ವೈರಿ: ನೀರು ಬಸಿದ ಮೇಲೂ ಎಲೆ ಒಳಗೆ ಬೇಯುತ್ತಲೇ ಇರುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ, ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ. ಹೆಚ್ಚು ಬಿಸಿಯಲ್ಲಿ ಕಹಿ-ಒಗರಿನ ಅಂಶಗಳು ಜೋರಾಗಿ ಇಳಿಯುತ್ತವೆ. ಸಿಹಿ ಕೊಡುವ ಅಮೈನೋ ಆಮ್ಲಗಳು ಕಡಿಮೆ ಬಿಸಿಯಲ್ಲೂ ಇಳಿಯುತ್ತವೆ. ಎಳೆ ಚಿಗುರಿನ ಚಹಾಗಳಿಗೆ 80 ಡಿಗ್ರಿ, ಬಲಿತ ಎಲೆ ಮತ್ತು ಹುರಿದ ಚಹಾಗಳಿಗೆ ಕುದಿಯುವ ನೀರು ಎಂಬ ನಿಯಮ ಹುಟ್ಟಿದ್ದು ಇಲ್ಲಿಂದಲೇ.

ಬಸಿಯಲು ಎಷ್ಟು ಹೊತ್ತು?

ಗುಂಗ್‌ಫು ಎಂಬ ಚೀನೀ ಚಹಾ ಪದ್ಧತಿಯಲ್ಲಿ ಎಲೆ ಹೆಚ್ಚು, ನೀರು ಕಡಿಮೆ, ಬಿಡುವ ಸಮಯ ಸೆಕೆಂಡುಗಳ ಲೆಕ್ಕ. ಮೊದಲ ಬಸಿತಕ್ಕೆ 10 ಸೆಕೆಂಡ್ ಬಿಟ್ಟು, ಕುಡಿಕೆಯ ಮೂತಿಯಿಂದ ಚಹಾ ಪೂರ್ತಿ ಇಳಿಯಲು 22 ಸೆಕೆಂಡ್ ಬೇಕಾದರೆ, ಕೊನೆಯ ಹನಿಗಳು ಎಲೆಯ ಜೊತೆಗಿದ್ದದ್ದು 32 ಸೆಕೆಂಡ್. ಅದಕ್ಕೇ ಕಹಿ.

ಖಾಲಿ ಕುಡಿಕೆಗೆ ನೀರು ತುಂಬಿ ಗಡಿಯಾರ ನೋಡಿಕೊಂಡು ಬಸಿಯಿರಿ. 120 ಮಿಲಿ ಕುಡಿಕೆ 12 ಸೆಕೆಂಡಿನೊಳಗೆ ಖಾಲಿಯಾದರೆ ಯಾವ ಚಹಾಕ್ಕೂ ಸರಿ. 20 ದಾಟಿದರೆ ಅದನ್ನು ತಡವಾಗಿ ಇಳಿಯುವ, ಒಗರು ಕಡಿಮೆಯ ಚಹಾಗಳಿಗೆ ಮೀಸಲಿಡಿ. ಎಲೆ ತುಂಬಿದಾಗ ಸಮಯ ಇನ್ನೂ ಹೆಚ್ಚುತ್ತದೆ. ಮೂತಿಯ ಬುಡದಲ್ಲಿ ಒಂದೇ ತೂತಿದ್ದರೆ ದೊಡ್ಡ ಎಲೆ ಸಿಕ್ಕಿಕೊಳ್ಳುತ್ತದೆ. ಹಲವು ಸಣ್ಣ ತೂತುಗಳಿದ್ದರೆ ಪುಡಿ ಎಲೆ ಅಂಟಿಕೊಳ್ಳುತ್ತದೆ. ಒಳಕ್ಕೆ ಉಬ್ಬಿದ ಜಾಲರಿ ಎರಡಕ್ಕೂ ವಾಸಿ. ಮುಚ್ಚಳದ ಸಣ್ಣ ತೂತು ನೀರಿನಿಂದ ಮುಚ್ಚಿಹೋದರೂ ಹರಿವು ನಿಲ್ಲುತ್ತದೆ, ಊದಿದರೆ ಬಿಡುತ್ತದೆ.

ಪಿಂಗಾಣಿಯ ಗೈವಾನ್, ಅಂದರೆ ಮೂತಿಯಿಲ್ಲದ ಮುಚ್ಚಳದ ಬಟ್ಟಲು, ಇಲ್ಲಿ ಎಲ್ಲರನ್ನೂ ಸೋಲಿಸುತ್ತದೆ. ಮುಚ್ಚಳ ಎಷ್ಟು ಸರಿಸಿದರೆ ಅಷ್ಟು ಬಾಯಿ. ಐದಾರು ಸೆಕೆಂಡಿನಲ್ಲಿ ಖಾಲಿ.

ಬರಿಯ ಮಣ್ಣಿನ ಕೆಲಸ

ಬಿಸಿ ಮತ್ತು ಸಮಯವನ್ನು ಪಕ್ಕಕ್ಕಿಟ್ಟ ಮೇಲೆ ಉಳಿಯುವುದು ಲೇಪವಿಲ್ಲದ ಮೈ. ಅದು ಎಲೆಯ ಘಮದ ಎಣ್ಣೆಗಳನ್ನೂ ಬಣ್ಣವನ್ನೂ ಸ್ವಲ್ಪಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಕುಡಿಯುವಾಗ ಮೇಲ್ಮಟ್ಟದ ಹೂವಿನ ಘಮ ಕೊಂಚ ತಗ್ಗುತ್ತದೆ, ಒಗರಿನ ಮೊನೆ ಮೊಂಡಾಗುತ್ತದೆ, ಗುಟುಕು ದುಂಡಗಾದಂತೆ ಅನಿಸುತ್ತದೆ. ಮೈ ಸಡಿಲವಾದಷ್ಟೂ ಇದು ಹೆಚ್ಚು: ದುವಾನ್ನಿ, ಝಿನಿಗಳಲ್ಲಿ ಎದ್ದು ಕಾಣುತ್ತದೆ, ಬಿಗಿಯಾದ ಜೂನಿಯಲ್ಲಿ ಬಹಳ ಕಡಿಮೆ. ಒರಟು ಚಹಾಕ್ಕೆ ಇದು ಉಪಕಾರ, ನಾಜೂಕಿನದಕ್ಕೆ ನಷ್ಟ.

ಚಹಾದ ದರ್ಜೆ ಕಟ್ಟುವವರು ಬಿಳಿ ಪಿಂಗಾಣಿ ಬಿಟ್ಟು ಬೇರೆ ಮುಟ್ಟದಿರುವುದಕ್ಕೂ ಇದೇ ಕಾರಣ. ಐಎಸ್ಒ 3103 ಎಂಬ ಅಂತರರಾಷ್ಟ್ರೀಯ ಕ್ರಮದಲ್ಲಿ 100 ಮಿಲಿಗೆ 2 ಗ್ರಾಂ ಎಲೆ, 6 ನಿಮಿಷ. ಚೀನಾದ ಕ್ರಮದಲ್ಲಿ 150 ಮಿಲಿಗೆ 3 ಗ್ರಾಂ. ಹೊಸ ಚಹಾ ಕೊಂಡಾಗ ಮೊದಲು ಹೀಗೆ ಪಿಂಗಾಣಿಯಲ್ಲಿ ರುಚಿ ನೋಡಿ. ಅದರ ದೋಷವೇನು, ಗುಣವೇನು ಎಂಬುದು ಮರೆಯಿಲ್ಲದೆ ಕಾಣುತ್ತದೆ. ಮಣ್ಣಿನಲ್ಲಿ ಹಾಕಬೇಕೇ ಎಂಬ ತೀರ್ಮಾನ ಆಮೇಲೆ.

ಯಾವ ಚಹಾ, ಯಾವ ಪಾತ್ರೆ

ಹಾಂಗ್‌ಝೌನ ಲುಂಗ್‌ಜಿಂಗ್‌ನಂಥ ಹಸಿರು ಚಹಾ: ಗಾಜಿನ ಲೋಟ ಅಥವಾ ತೆಳು ಗೈವಾನ್. ಮಣ್ಣು ಬೇಡವೇ ಬೇಡ. ಗೈವಾನ್‌ನಲ್ಲಿ 120 ಮಿಲಿಗೆ 4 ಗ್ರಾಂ, 80 ಡಿಗ್ರಿ, ಮುಚ್ಚಳ ತೆರೆದೇ ಇಟ್ಟು 30ರಿಂದ 40 ಸೆಕೆಂಡ್.

ಆನ್‌ಶಿಯ ಹಸಿರುಬಗೆಯ ತ್ಯೆಗ್ವಾನ್‌ಯಿನ್, ಚಾವೊಝೌ ಬಳಿಯ ಫೆಂಗ್‌ಹುವಾಂಗ್ ಬೆಟ್ಟದ ದಾನ್‌ಚುಂಗ್: ಈ ಎರಡು ಊಲಾಂಗ್‌ಗಳ ಜೀವ ಇರುವುದು ಘಮದಲ್ಲಿ. ಪಿಂಗಾಣಿಯೇ ಮೊದಲ ಆಯ್ಕೆ. ಆದರೆ ಚಾವೊಝೌನವರು ದಾನ್‌ಚುಂಗ್‌ಗೆ ತಮ್ಮ ತೆಳು ಕೆಂಪು ಕುಡಿಕೆಯನ್ನೂ ಬಳಸುತ್ತಾರೆ. ಬಿಗಿ ಮಣ್ಣು, ತೆಳು ಗೋಡೆ ಆದ್ದರಿಂದ ಘಮಕ್ಕೆ ಹೆಚ್ಚು ಪೆಟ್ಟು ಬೀಳುವುದಿಲ್ಲ.

ಊಯಿ ಬೆಟ್ಟದ ಹುರಿದ ಊಲಾಂಗ್‌ಗಳು, ಅಂದರೆ ದಾ ಹುಂಗ್ ಪಾವೊ, ಶುಯಿ ಶಿಯಾನ್ ಮುಂತಾದವು, ಗಡಿಯಲ್ಲಿವೆ. ಹೊಸದಾಗಿ ಹುರಿದು ಕೆಂಡದ ವಾಸನೆ ಇನ್ನೂ ಇಳಿಯದಿದ್ದರೆ ಝಿನಿ ಕುಡಿಕೆ ಆ ಬಿರುಸನ್ನು ತಗ್ಗಿಸುತ್ತದೆ. ವರ್ಷ ಕಳೆದು ತಣಿದದ್ದಾದರೆ ಗೈವಾನ್ ಉತ್ತಮ.

ಶೋ ಪು-ಅರ್ (ರಾಶಿಹಾಕಿ ಹುದುಗಿಸಿದ್ದು) ಮತ್ತು ಗುವಾಂಗ್‌ಶಿಯ ಲ್ಯೂ ಬಾವೊ: ಇವು ಮಣ್ಣಿಗೆಂದೇ ಹುಟ್ಟಿದವು. ದಪ್ಪ ಝಿನಿ, ದುವಾನ್ನಿ, ಜಿಯಾನ್‌ಶುಯಿ ಯಾವುದಾದರೂ ಸರಿ. ಬಿಸಿ ನಿಲ್ಲುವುದರಿಂದ ಸಾರ ಚೆನ್ನಾಗಿ ಇಳಿಯುತ್ತದೆ, ರಾಶಿಯ ಮುಗ್ಗು ವಾಸನೆ ಕಡಿಮೆಯಾಗುತ್ತದೆ. ಶೆಂಗ್ ಪು-ಅರ್ (ರಾಶಿಹಾಕದೆ ತಾನಾಗಿ ಹಳತಾಗಲು ಬಿಟ್ಟದ್ದು) ಎಳೆಯದಾದರೆ ಗೈವಾನ್, ಹತ್ತು-ಹದಿನೈದು ವರ್ಷದ್ದಾದರೆ ಕುಡಿಕೆ. ಕೀಮುನ್‌ನಂಥ ಕೆಂಪು ಚಹಾ (ನಾವು ಕಪ್ಪು ಚಹಾ ಎನ್ನುವುದು) ಪಿಂಗಾಣಿಯಲ್ಲಿ ಚೆನ್ನ. ಬಿಳಿ ಚಹಾವೂ ಎಳೆಯದಿದ್ದಾಗ ಪಿಂಗಾಣಿಗೇ.

ಆಕಾರಕ್ಕೂ ಕೆಲಸವಿದೆ. ಗುಂಡು ಮಾಡಿದ ತ್ಯೆಗ್ವಾನ್‌ಯಿನ್ ನೆಂದು ಅರಳಿದಾಗ ಹಲವು ಪಟ್ಟು ಹಿಗ್ಗುತ್ತದೆ, ಅದಕ್ಕೆ ದುಂಡು ಹೊಟ್ಟೆಯ ಪಾತ್ರೆ ಬೇಕು. ಉದ್ದ ಎಲೆಯ ದಾನ್‌ಚುಂಗ್‌ಗೆ ಅಗಲ ಬಾಯಿಯ ಚಪ್ಪಟೆ ಕುಡಿಕೆ ಒಳ್ಳೆಯದು, ಎಲೆ ಮುರಿಯದೆ ಹೋಗುತ್ತದೆ. ಮುರಿದ ಎಲೆ ಬೇಗ ಕಹಿ ಬಿಡುತ್ತದೆ.

ಮೊದಲ ಪಾತ್ರೆ: ಗೈವಾನ್

ಒಂದೇ ಪಾತ್ರೆ ಕೊಳ್ಳುವುದಿದ್ದರೆ 100ರಿಂದ 120 ಮಿಲಿಯ ಬಿಳಿ ಗೈವಾನ್ ಕೊಳ್ಳಿ. ಬಟ್ಟಲು, ಮುಚ್ಚಳ, ಅಡಿತಟ್ಟೆ, ಹೀಗೆ ಮೂರು ಭಾಗ. ಚೀನೀಯರು ಇವನ್ನು ಮನುಷ್ಯ, ಆಕಾಶ, ಭೂಮಿ ಎನ್ನುತ್ತಾರೆ. ಅಂಚು ಹೊರಕ್ಕೆ ಚೆನ್ನಾಗಿ ಬಾಗಿರಬೇಕು, ತೆಳುವಾಗಿರಬೇಕು. ಬೆರಳು ಸುಡುವುದು ಬಹುಮಟ್ಟಿಗೆ ನೇರ ಅಂಚಿನ, ದಪ್ಪ ಗೋಡೆಯ ಗೈವಾನ್‌ಗಳಲ್ಲಿ. ಒಳಗೆ ಬಣ್ಣದ ಚಿತ್ತಾರವಿರುವುದನ್ನು ಬಿಡಿ: ಲೇಪದ ಮೇಲೆ ಬಳಿದ ಅಗ್ಗದ ಬಣ್ಣಗಳಲ್ಲಿ ಸೀಸ ಇರಬಹುದು. ನೀಲಿ-ಬಿಳಿ ಪಾತ್ರೆಗಳಲ್ಲಿ ಚಿತ್ರ ಲೇಪದ ಅಡಿಯಲ್ಲಿರುತ್ತದೆ, ಅದಕ್ಕೆ ಈ ಭಯವಿಲ್ಲ.

ಕೊಂಡ ಕೂಡಲೇ ಅಳತೆ ತಿಳಿದುಕೊಳ್ಳಿ. ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಮುಚ್ಚಳ ಕೂರುವ ಮಟ್ಟದವರೆಗೆ ನೀರು ಹಾಕಿ. ಎಷ್ಟು ಗ್ರಾಂ ತೋರಿಸಿತೋ ಅಷ್ಟೇ ಮಿಲಿ. ಮಾರುವವರು ಹೇಳುವುದು ಅಂಚಿನವರೆಗಿನ ಅಳತೆ, ಬಳಸುವುದು ಅದಕ್ಕಿಂತ 20-30 ಮಿಲಿ ಕಡಿಮೆ.

ಹಿಡಿಯುವ ಕ್ರಮ: ಹೆಬ್ಬೆರಳು ಮತ್ತು ನಡುಬೆರಳು ಅಂಚಿನ ಎದುರುಬದುರು ತುದಿಗಳಲ್ಲಿ, ತೋರುಬೆರಳು ಮುಚ್ಚಳದ ಗುಬಟಿನ ಮೇಲೆ. ಮುಚ್ಚಳವನ್ನು ಎಲೆ ಹೊರಬಾರದಷ್ಟು ಮಾತ್ರ ಓರೆಮಾಡಿ. ಬಸಿಯುವಾಗ ಅಂಜಿ ಅಂಜಿ ಬಾಗಿಸಬೇಡಿ. ಬಿಸಿ ಹಬೆ ಬೆರಳಿಗೆ ತಾಗುವುದೇ ಆಗ. ಒಮ್ಮೆಗೇ ಪೂರ್ತಿ ನೆಟ್ಟಗೆ ಮಾಡಿ ಬಸಿದುಬಿಡಿ. ಅಭ್ಯಾಸಕ್ಕೆ ಎರಡು ದಿನ ತಣ್ಣೀರಿನಲ್ಲಿ ಮಾಡಿನೋಡಿದರೆ ಸಾಕು. ನೀರು ಅಂಚಿನ ಬಾಗಿನವರೆಗೆ ಬಂದರೆ ಎಂಥವರ ಬೆರಳೂ ಸುಡುತ್ತದೆ.

ತ್ಯೆಗ್ವಾನ್‌ಯಿನ್‌ಗೆ ಹೀಗೆ: 110 ಮಿಲಿ ಬಳಕೆಯ ಅಳತೆಗೆ 7 ಗ್ರಾಂ. ಗೈವಾನ್ ಬಿಸಿಮಾಡಿ, ಎಲೆ ಹಾಕಿ, ಮುಚ್ಚಿ ಒಮ್ಮೆ ಅಲುಗಿಸಿ ಮೂಸಿ. ಒಣ ಎಲೆಯ ಘಮ ಬಿಸಿಗೆ ಏಳುತ್ತದೆ. ಕುದಿದ ನೀರು ಹಾಕಿ 5 ಸೆಕೆಂಡಿಗೆ ಚೆಲ್ಲಿ. ಆಮೇಲೆ 20, 15, 20, 30, 45, 60 ಸೆಕೆಂಡ್. ಎರಡನೆಯದು ಕಡಿಮೆ ಏಕೆಂದರೆ ಅಷ್ಟರಲ್ಲಿ ಗುಂಡು ಬಿಚ್ಚಿಕೊಂಡಿರುತ್ತದೆ. ಪ್ರತಿ ಸಲ ಕೊನೆಯ ಹನಿಯವರೆಗೆ ಬಸಿಯಿರಿ, ತಳದಲ್ಲಿ ಉಳಿದದ್ದು ಮುಂದಿನದನ್ನು ಕೆಡಿಸುತ್ತದೆ. ಬಸಿದ ಮೇಲೆ ಮುಚ್ಚಳ ಸ್ವಲ್ಪ ತೆರೆದಿಡಿ.

ಮಣ್ಣಿನ ಕುಡಿಕೆ ಆರಿಸುವುದು, ಪಳಗಿಸುವುದು

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳು ಕಡಿಮೆ, ಆದರೆ ಮಾಡಿಯೇ ಮಾಡಿ. ಕುಡಿಕೆಯೊಳಗೆ ಮೂಗಿಟ್ಟು ನೋಡಿ: ಬೂಟ್ ಪಾಲಿಶ್, ಮೇಣ, ರಾಸಾಯನಿಕದ ವಾಸನೆ ಇದ್ದರೆ ಹಿಂತಿರುಗಿಸಿ. ಸಾಧ್ಯವಾದರೆ ಬಿಸಿನೀರು ಹಾಕಿಸಿ ಮತ್ತೆ ಮೂಸಿ. ಒಳಮೈ ಹೊರಮೈಗಿಂತ ತೀರ ಬೇರೆ ಬಣ್ಣವಾಗಿದ್ದರೆ, ಮೈ ಎಣ್ಣೆ ಸವರಿದಂತೆ ಮಿರುಗುತ್ತಿದ್ದರೆ ಅನುಮಾನಿಸಿ. ಸಾಮಾನ್ಯ ಮಣ್ಣಿಗೆ ಕಬ್ಬಿಣ, ಮ್ಯಾಂಗನೀಸ್, ಕೋಬಾಲ್ಟ್‌ಗಳ ಆಕ್ಸೈಡ್ ಬೆರೆಸಿ ಬಣ್ಣ ಕೊಡುವುದುಂಟು. ಢಾಳಾದ ನೀಲಿ, ಹಸಿರು ಕುಡಿಕೆಗಳು ಬಹುತೇಕ ಹೀಗೆ ಆದವು. ನೀರು ತುಂಬಿ ಮುಚ್ಚಳದ ತೂತನ್ನು ಬೆರಳಿನಿಂದ ಮುಚ್ಚಿ ಬಾಗಿಸಿ: ಹರಿವು ನಿಂತರೆ ಮುಚ್ಚಳ ಸರಿಯಾಗಿ ಕೂತಿದೆ. ಇದು ಕುಶಲತೆಯ ಗುರುತೇ ಹೊರತು ಮಣ್ಣಿನದಲ್ಲ. ಒಳ್ಳೆಯ ಮಣ್ಣಿನ ಸಡಿಲ ಮುಚ್ಚಳದ ಕುಡಿಕೆ, ಕೆಟ್ಟ ಮಣ್ಣಿನ ಬಿಗಿ ಮುಚ್ಚಳದ ಕುಡಿಕೆ ಎರಡೂ ಸಿಗುತ್ತವೆ.

ಪಳಗಿಸುವುದಕ್ಕೆ ಮಾಂಸ, ಕಬ್ಬು, ತೋಫು ಹಾಕಿ ಗಂಟೆಗಟ್ಟಲೆ ಕುದಿಸುವ ಕ್ರಮಗಳನ್ನು ಹೇಳುವವರಿದ್ದಾರೆ. ಯಾವುದೂ ಬೇಡ. ಮಾಡಬೇಕಾದ್ದು ಇಷ್ಟು: ಬಿಸಿನೀರಿನಲ್ಲಿ ತೊಳೆದು ಒಳಗಿನ ಮಣ್ಣುಪುಡಿ ತೆಗೆಯಿರಿ. ಪಾತ್ರೆಯ ತಳದಲ್ಲಿ ಹತ್ತಿಬಟ್ಟೆ ಹಾಸಿ, ಮುಚ್ಚಳ ಬೇರೆ, ಕುಡಿಕೆ ಬೇರೆ ಇಟ್ಟು, ತಣ್ಣೀರು ಮುಳುಗುವಷ್ಟು ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ. ಸಣ್ಣಗೆ ಕುದಿ ಬಂದ ಮೇಲೆ 20 ನಿಮಿಷ ಬಿಟ್ಟು, ಒಲೆ ಆರಿಸಿ, ಅದೇ ನೀರಿನಲ್ಲೇ ತಣಿಯಲಿ. ಬಟ್ಟೆ ಇಲ್ಲದಿದ್ದರೆ ಕುದಿತಕ್ಕೆ ಕುಣಿದು ಅಂಚು ಚಕ್ಕೆ ಏಳುತ್ತದೆ. ಮಾರನೆಯ ದಿನ ಚಹಾ ಹಾಕಿ ಕುಡಿಯಿರಿ. ವಾಸನೆ ಉಳಿದಿದ್ದರೆ ಮಾತ್ರ ಇನ್ನೊಮ್ಮೆ.

ಒಂದು ಕುಡಿಕೆಗೆ ಒಂದೇ ಚಹಾ ಎಂಬ ಮಾತನ್ನು ಅತಿಗೆ ಎಳೆಯುವವರೂ ಇದ್ದಾರೆ. ಒಂದೇ ಬಗೆಗೆ ಒಂದು ಕುಡಿಕೆ ಎಂದರೆ ಸಾಕು: ಶೋ ಪು-ಅರ್‌ಗೆ ಒಂದು, ಹುರಿದ ಊಲಾಂಗ್‌ಗೆ ಒಂದು. ಆದರೆ ಹೊಗೆಹಿಡಿಸಿದ ಲ್ಯಾಪ್ಸಾಂಗ್, ಮಲ್ಲಿಗೆ ಬೆರೆಸಿದ ಚಹಾ, ಮಸಾಲೆ ಟೀ ಇವನ್ನು ಒಮ್ಮೆಯೂ ಹಾಕಬೇಡಿ. ಮೀನಿನ ಗಡಿಗೆಯ ಕಥೆಯೇ.

ಶೋ ಪು-ಅರ್ 120 ಮಿಲಿ ಕುಡಿಕೆಗೆ 7ರಿಂದ 8 ಗ್ರಾಂ. ಒತ್ತಿ ಗಟ್ಟಿಮಾಡಿದ ಚಹಾದ ಬಿಲ್ಲೆಯಿಂದ ಎಬ್ಬಿಸುವಾಗ ಪುಡಿ ಮಾಡಬೇಡಿ, ಪುಡಿ ಜಾಲರಿಗೆ ಅಡ್ಡವಾಗುತ್ತದೆ. ಕುದಿಯುವ ನೀರು ಹಾಕಿ 5 ಸೆಕೆಂಡಿಗೆ ಚೆಲ್ಲುವುದನ್ನು ಎರಡು ಸಲ ಮಾಡಿ. ಆಮೇಲೆ 10, 10, 15, 20, 30 ಸೆಕೆಂಡ್, ಮುಂದೆ ನಾಲಿಗೆಯೇ ಹೇಳುತ್ತದೆ. ಮೂರನೆಯ ಬಸಿತದಿಂದ ಆಚೆಗೆ ಕುಡಿಕೆಯ ಹೊರಮೈಗೂ ಕುದಿನೀರು ಸುರಿದರೆ ಬಿಸಿ ನಿಲ್ಲುತ್ತದೆ, ಬೆಂಗಳೂರಿನಲ್ಲಂತೂ ಇದನ್ನು ತಪ್ಪಿಸಬೇಡಿ.

ತೆಳು ಜೂನಿಗೆ ಮಾತ್ರ ಎಚ್ಚರ. ಚಳಿಗಾಲದ ಬೆಳಿಗ್ಗೆ ತಣ್ಣಗಿರುವ ಜೂನಿಗೆ ನೇರ ಕುದಿನೀರು ಹಾಕಿದರೆ ಸಣ್ಣ ಸದ್ದಾಗಿ ಕೂದಲೆಳೆಯ ಬಿರುಕು ಬರುತ್ತದೆ. ಮೊದಲು ಬೆಚ್ಚನೆಯ ನೀರಿನಿಂದ ಒಳಗೂ ಹೊರಗೂ ತೋಯಿಸಿ, ಆಮೇಲೆ ಕುದಿನೀರು.

ಹೋಲಿಸಿ ನೋಡುವುದಾದರೆ

ಅಳತೆಯಲ್ಲಿ 10 ಮಿಲಿಗಿಂತ ಹೆಚ್ಚು ಅಂತರವಿಲ್ಲದ ಒಂದು ಗೈವಾನ್, ಒಂದು ಕುಡಿಕೆ. ಒಂದೇ ಪೊಟ್ಟಣದಿಂದ ಎರಡಕ್ಕೂ 20 ಮಿಲಿಗೆ 1 ಗ್ರಾಂನಂತೆ ತೂಗಿ ಹಾಕಿ. ಚಮಚದ ಲೆಕ್ಕ ಬೇಡ. ಎರಡನ್ನೂ ಚೆನ್ನಾಗಿ ಬಿಸಿಮಾಡಿ. ಕುಡಿಕೆ ಬಸಿಯಲು ಗೈವಾನ್‌ಗಿಂತ 8 ಸೆಕೆಂಡ್ ಹೆಚ್ಚು ತೆಗೆದುಕೊಂಡರೆ, ಅದನ್ನು ಅದರ ಅರ್ಧದಷ್ಟು, ಅಂದರೆ 4 ಸೆಕೆಂಡ್, ಮೊದಲೇ ಬಸಿಯಲು ಶುರುಮಾಡಿ, ಸರಾಸರಿ ಸರಿಹೋಗುತ್ತದೆ. ಎರಡನ್ನೂ ಒಂದೇ ಬಗೆಯ ಬಿಳಿ ಪಿಂಗಾಣಿ ಬಟ್ಟಲಿಗೆ ಹಾಕಿ, ಯಾವುದು ಯಾವುದೆಂದು ಗೊತ್ತಿಲ್ಲದವರ ಕೈಗೆ ಕೊಡಿ. ಬಿಸಿಯಲ್ಲಿ ಒಮ್ಮೆ, ಉಗುರುಬೆಚ್ಚಗಾದಾಗ ಒಮ್ಮೆ ರುಚಿ ನೋಡಲಿ. ತಣಿದ ಚಹಾದಲ್ಲಿ ಒಗರಿನ ವ್ಯತ್ಯಾಸ ಹೆಚ್ಚು ಸ್ಪಷ್ಟ. ಇಷ್ಟಾದ ಮೇಲೂ ವ್ಯತ್ಯಾಸ ಸಿಗದಿದ್ದರೆ ಆ ಚಹಾಕ್ಕೆ ದುಬಾರಿ ಕುಡಿಕೆ ಬೇಡ, ದುಡ್ಡನ್ನು ಒಳ್ಳೆಯ ಎಲೆಗೆ ಹಾಕಿ.

ಕುಡಿಯುವ ಬಟ್ಟಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: 30ರಿಂದ 50 ಮಿಲಿಯ, ತೆಳು ಅಂಚಿನ, ಒಳಗೆ ಬಿಳಿಯಾದ ಪಿಂಗಾಣಿ. ಕುಡಿಕೆ ಮಣ್ಣಿನದಾದರೂ ಬಟ್ಟಲು ಮಣ್ಣಿನದಾಗಬೇಕಿಲ್ಲ. ಎಲ್ಲರಿಗೂ ಒಂದೇ ಹದದ ಚಹಾ ಸಿಗಲೆಂದು ಮಧ್ಯೆ ಬಳಸುವ ಹಂಚುಪಾತ್ರೆಯನ್ನೂ ಬಿಸಿಮಾಡಿಕೊಳ್ಳದಿದ್ದರೆ ಅಲ್ಲೇ ಏಳೆಂಟು ಡಿಗ್ರಿ ಹೋಗುತ್ತದೆ.

ನೀರು, ಮಳೆಗಾಲ, ಒಗ್ಗರಣೆ

ಬೋರ್‌ವೆಲ್‌ನ ಗಡಸು ನೀರು ಎರಡು ಕಡೆ ಕೆಡಿಸುತ್ತದೆ: ಚಹಾದ ಮೇಲೆ ಕೆನೆಯಂಥ ಪೊರೆ, ಕುಡಿಕೆಯ ಮೇಲೆ ಬಿಳಿ ಸುಣ್ಣದ ಪದರ. ಪಿಂಗಾಣಿಯಾದರೆ ನಿಂಬೆರಸ ಸವರಿ ಹತ್ತು ನಿಮಿಷಕ್ಕೆ ತೊಳೆದರಾಯಿತು. ಮಣ್ಣಿಗೆ ಹುಳಿ ಹಾಕಿದರೆ ವಾಸನೆ ಉಳಿಯುವ ಭಯ. ಶುದ್ಧ ನೀರಿನಲ್ಲಿ ಕುದಿಸಿ ಮೃದು ಬ್ರಷ್‌ನಿಂದ ಉಜ್ಜುವುದೇ ದಾರಿ. ಪೂರ್ತಿ ಆರ್‌ಒ ನೀರಿನಲ್ಲಿ ಚಹಾ ಸಪ್ಪೆ. ಅದಕ್ಕೆ ಮೂರರಲ್ಲಿ ಒಂದು ಪಾಲು ಸೋಸಿದ ನಲ್ಲಿ ನೀರು ಬೆರೆಸಿದರೆ ಮೈ ಬರುತ್ತದೆ.

ಪಾತ್ರೆ ತೊಳೆಯುವ ಸೋಪು ಮಣ್ಣಿಗೆ ಮುಟ್ಟಿಸಬೇಡಿ. ಕುಡಿದಾದ ಮೇಲೆ ಎಲೆ ತೆಗೆದು, ಕುದಿನೀರಿನಿಂದ ಒಳಗೂ ಹೊರಗೂ ತೊಳೆದು, ಕುಡಿಕೆಯಲ್ಲಿ ಬಿಸಿ ಇರುವಾಗಲೇ ನೀರು ಝಾಡಿಸಿ, ಮುಚ್ಚಳ ತೆಗೆದು ಬಾಯಿ ಮೇಲೆ ಮಾಡಿ ಇಡಿ. ಬೋರಲು ಹಾಕಿದರೆ ಒಳಗಿನ ಹಬೆ ಅಲ್ಲೇ ನಿಲ್ಲುತ್ತದೆ. ಮಲೆನಾಡಿನ ಆಷಾಢದಲ್ಲಿ ಒಂದು ರಾತ್ರಿ ಎಲೆ ಬಿಟ್ಟರೂ ಬೂಷ್ಟು ಹಿಡಿಯಬಹುದು. ಹಿಡಿದರೆ ಬಿಸಾಡಬೇಕಿಲ್ಲ: ಉಜ್ಜಿ ತೊಳೆದು, ಪಳಗಿಸಿದ ಕ್ರಮದಲ್ಲೇ 20-30 ನಿಮಿಷ ಕುದಿಸಿ, ನೀರು ಬದಲಿಸಿ ಇನ್ನೊಮ್ಮೆ ಕುದಿಸಿ, ಎರಡು ದಿನ ಗಾಳಿಯಾಡುವಲ್ಲಿ ಒಣಗಿಸಿ. ಮುಗ್ಗಲು ವಾಸನೆ ಹೋಗುವವರೆಗೆ ಚಹಾ ಹಾಕಬೇಡಿ.

ಇಡುವ ಜಾಗ ಒಲೆಯ ಪಕ್ಕದ ಗೂಡಾಗಬಾರದು, ದೇವರಮನೆಯ ಹತ್ತಿರವೂ ಆಗಬಾರದು. ಇಂಗಿನ ಒಗ್ಗರಣೆಯ ಹೊಗೆ, ಊದುಬತ್ತಿ, ಕರ್ಪೂರ ಎಲ್ಲವನ್ನೂ ಲೇಪವಿಲ್ಲದ ಮಣ್ಣು ಸಮಾನವಾಗಿ ಸ್ವಾಗತಿಸುತ್ತದೆ. ಬಟ್ಟೆಯ ಚೀಲದಲ್ಲಿ ಹಾಕಿ, ಮುಚ್ಚಳ ಬೇರೆಯಾಗಿ ಸುತ್ತಿ, ನುಸಿಗುಳಿಗೆ ಇಲ್ಲದ ಬೀರುವಿನಲ್ಲಿಡಿ.